ಮೊದಲ ತುತ್ತಿಗೆ ಮಗು ಸಿದ್ಧವೇ? ಕತ್ತು, ಬೆನ್ನು, ನಾಲಿಗೆ ಹೇಳುವ ಉತ್ತರ

ಮಗುವಿಗೆ ನಾಲ್ಕು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ‘ನಾವು ತಿನ್ನೋದನ್ನೇ ನೋಡ್ತಾ ಇರುತ್ತೆ ಪಾಪ, ಏನಾದರೂ ಸ್ವಲ್ಪ ಕೊಡಬಾರದಾ?’ ಎನ್ನುತ್ತಾರೆ ಒಬ್ಬರು. ‘ರಾತ್ರಿಯೆಲ್ಲ ಎದ್ದೆದ್ದು ಅಳುತ್ತೆ, ಹಾಲು ಸಾಲ್ತಿಲ್ಲ’ ಎನ್ನುತ್ತಾರೆ ಇನ್ನೊಬ್ಬರು. ‘ಆರು ತಿಂಗಳವರೆಗೆ ಏನೂ ಬೇಡ ಅಂದಿದ್ದಾರೆ ಡಾಕ್ಟರು’ ಎಂದು ತಾಯಿ. ಎಲ್ಲರ ಮಾತಿನಲ್ಲೂ ಇರುವುದು ಮಗುವಿನ ಮೇಲಿನ ಕಾಳಜಿಯೇ. ಆದರೆ ಒಬ್ಬರು ಮಗುವಿನ ಕಣ್ಣನ್ನು ನೋಡುತ್ತಿದ್ದಾರೆ, ಒಬ್ಬರು ನಿದ್ದೆಯನ್ನು, ಒಬ್ಬರು ಕ್ಯಾಲೆಂಡರನ್ನು. ವಯಸ್ಸಿನ ಲೆಕ್ಕ ಬೇಕೇ ಬೇಕು. ಅದರ ಜೊತೆಗೆ ನೋಡಬೇಕಾದದ್ದು ಮಗುವಿನ ಕತ್ತು, ಬೆನ್ನು ಮತ್ತು ನಾಲಿಗೆಯನ್ನು.

ಆರು ತಿಂಗಳು ಏಕೆ

ಮೊದಲ ಆರು ತಿಂಗಳು, ಅಂದರೆ 180 ದಿನ, ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಪೂರಕ ಆಹಾರ. ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತಾ ಬಂದಿರುವುದು ಇದನ್ನೇ. 2023ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಪೂರಕ ಆಹಾರದ ಬಗ್ಗೆ ಹೊಸ ಮಾರ್ಗಸೂಚಿ ತಂದಾಗಲೂ ಅದು ಶುರು ಮಾಡುವ ವಯಸ್ಸನ್ನು ಬದಲಿಸಲಿಲ್ಲ. ಯುರೋಪಿನ ಮಕ್ಕಳ ಜಠರ ಮತ್ತು ಕರುಳಿನ ತಜ್ಞರ ಸಂಘ 2017ರಲ್ಲಿ ಇದನ್ನು ಸ್ವಲ್ಪ ಬೇರೆ ರೀತಿಯಲ್ಲಿ ಹೇಳಿತು: ನಾಲ್ಕು ತಿಂಗಳು ತುಂಬುವ ಮೊದಲು ಬೇಡ, ಆರು ತಿಂಗಳು ದಾಟಿದ ಮೇಲೆ ತಡ ಮಾಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯದು ‘ಸುಮಾರು ಆರು ತಿಂಗಳು’ ಎಂಬ ಮಾತು. ಇವುಗಳಲ್ಲಿ ಇರುವ ವ್ಯತ್ಯಾಸ ಅಂಚಿನಲ್ಲಿ ಮಾತ್ರ. ನಾಲ್ಕು ತಿಂಗಳೊಳಗೆ ಯಾವ ಮಗುವಿಗೂ ಬೇಡ ಎನ್ನುವುದರಲ್ಲಿ ಮತ್ತು ಆರು ತಿಂಗಳಾದ ಮೇಲೆ ಹಾಲೊಂದೇ ಸಾಲದು ಎನ್ನುವುದರಲ್ಲಿ ಮೂರೂ ಸಂಸ್ಥೆಗಳಿಗೆ ಒಮ್ಮತವಿದೆ.

ಸಾಲದು ಎಂದರೆ ಏನು ಸಾಲದು? ಮೊದಲನೆಯದು ಶಕ್ತಿ. ಎದೆಹಾಲು ಕುಡಿಯುವ ಆರರಿಂದ ಎಂಟು ತಿಂಗಳ ಮಗುವಿಗೆ ಹಾಲಿನ ಜೊತೆಗೆ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕಾಗುತ್ತದೆ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅದು 300ಕ್ಕೆ ಏರುತ್ತದೆ. ಹಾಗೆಂದು ಹಾಲಿನ ಮಹತ್ವ ಕಡಿಮೆಯಾಗುವುದಿಲ್ಲ. ಆರರಿಂದ ಹನ್ನೆರಡು ತಿಂಗಳ ನಡುವೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧದಷ್ಟನ್ನು ಎದೆಹಾಲೇ ಕೊಡಬಲ್ಲದು. ಪೂರಕ ಆಹಾರ ಎಂಬ ಹೆಸರು ಬಂದಿರುವುದೇ ಅದಕ್ಕಾಗಿ.

ಎರಡನೆಯದು ಕಬ್ಬಿಣಾಂಶ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಗಮನ ಸಿಗಬೇಕಾದ ಸಂಗತಿ ಇದು, ಸಿಗುತ್ತಿರುವುದು ಅತಿ ಕಡಿಮೆ. ತಿಂಗಳು ತುಂಬಿ ಹುಟ್ಟಿದ ಮಗು ತಾಯಿಯ ಹೊಟ್ಟೆಯಲ್ಲಿದ್ದ ಕೊನೆಯ ಮೂರು ತಿಂಗಳಲ್ಲಿ ಕಬ್ಬಿಣವನ್ನು ಕೂಡಿಟ್ಟುಕೊಂಡೇ ಹೊರಬಂದಿರುತ್ತದೆ. ಹೆರಿಗೆಯಾದ ತಕ್ಷಣ ಹೊಕ್ಕುಳ ಬಳ್ಳಿಯನ್ನು ಕತ್ತರಿಸದೆ ಒಂದು ನಿಮಿಷವಾದರೂ ಕಾಯಿರಿ ಎಂದು ವೈದ್ಯರಿಗೆ ಹೇಳುವುದರ ಹಿಂದಿರುವ ಒಂದು ಕಾರಣವೂ ಇದೇ. ಆ ಸಮಯದಲ್ಲಿ ಹರಿದುಬರುವ ರಕ್ತ ಮಗುವಿನ ಕಬ್ಬಿಣದ ದಾಸ್ತಾನನ್ನು ಹೆಚ್ಚಿಸುತ್ತದೆ. ಈ ದಾಸ್ತಾನು ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಎದೆಹಾಲಿನಲ್ಲಿರುವ ಕಬ್ಬಿಣ ಮಗುವಿನ ಮೈಗೆ ಚೆನ್ನಾಗಿ ಹತ್ತುತ್ತದೆ ನಿಜ, ಆದರೆ ಅದರ ಪ್ರಮಾಣ ಬಹಳ ಕಡಿಮೆ: ಒಂದು ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಏಳರಿಂದ ಹನ್ನೆರಡು ತಿಂಗಳ ಮಗುವಿನ ಆಹಾರದಲ್ಲಿ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಇರಬೇಕು ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಲೆಕ್ಕ. ಈ ಅಂತರವನ್ನು ಹಾಲು ಎಷ್ಟು ಕುಡಿದರೂ ತುಂಬಲಾಗದು. ಕಬ್ಬಿಣದ ಕೊರತೆ ಮೈಬಣ್ಣ ಬಿಳಿಚಿಕೊಳ್ಳುವುದರಲ್ಲಿ ಮುಗಿಯುವುದಿಲ್ಲ, ಈ ವಯಸ್ಸಿನಲ್ಲಿ ಭರದಿಂದ ಬೆಳೆಯುತ್ತಿರುವ ಮಿದುಳಿಗೂ ತಟ್ಟುತ್ತದೆ.

ಫಾರ್ಮುಲಾ ಹಾಲಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಸೇರಿಸಿರುತ್ತಾರೆ, ಹಾಗಾಗಿ ಅದನ್ನು ಕುಡಿಯುವ ಮಕ್ಕಳಿಗೆ ಈ ಒಂದು ಒತ್ತಡ ಕಡಿಮೆ. ಸಿದ್ಧತೆಯ ಗುರುತುಗಳು ಮಾತ್ರ ಎರಡೂ ಬಗೆಯ ಮಕ್ಕಳಿಗೂ ಒಂದೇ.

ದೇಹ ತೋರಿಸುವ ಗುರುತುಗಳು

ಹಾಲು ಕುಡಿಯುವುದು ಮತ್ತು ಊಟ ನುಂಗುವುದು ಒಂದೇ ಕೆಲಸವಲ್ಲ. ಹಾಲು ಕುಡಿಯುವಾಗ ನಾಲಿಗೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ, ಹಾಲು ತಾನಾಗಿ ಗಂಟಲಿಗೆ ಇಳಿಯುತ್ತದೆ. ಮಲಗಿಕೊಂಡಂತೆ ಇದ್ದರೂ ನಡೆಯುತ್ತದೆ. ಗಟ್ಟಿ ಆಹಾರಕ್ಕೆ ಹಾಗಲ್ಲ. ಬಾಯಿಯ ಮುಂಭಾಗಕ್ಕೆ ಬಂದದ್ದನ್ನು ನಾಲಿಗೆ ಒಟ್ಟುಗೂಡಿಸಬೇಕು, ಹಿಂದಕ್ಕೆ ತಳ್ಳಬೇಕು, ಅದು ಶ್ವಾಸನಾಳಕ್ಕೆ ಹೋಗದಂತೆ ಅನ್ನನಾಳಕ್ಕೆ ಇಳಿಸಬೇಕು. ತಲೆ ಒಂದು ಕಡೆಗೆ ವಾಲಿದ್ದರೆ, ಬೆನ್ನು ಕುಸಿದಿದ್ದರೆ ಈ ದಾರಿ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಊಟದ ಸಿದ್ಧತೆಯ ಮೊದಲ ಗುರುತನ್ನು ಕತ್ತಿನಲ್ಲಿ ಹುಡುಕಬೇಕು.

ಕತ್ತು ನಿಂತಿದೆ ಎಂದರೆ ಹೆಗಲ ಮೇಲೆ ಎತ್ತಿಕೊಂಡಾಗ ತಲೆ ಎತ್ತಿ ನೋಡುತ್ತದೆ ಎಂದಷ್ಟೇ ಅಲ್ಲ. ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡು ಹತ್ತು ನಿಮಿಷ ಆಟವಾಡಿಸಿ ನೋಡಿ. ಅಷ್ಟು ಹೊತ್ತೂ ತಲೆ ನೆಟ್ಟಗಿರಬೇಕು, ಎಡಕ್ಕೆ ಬಲಕ್ಕೆ ತಿರುಗಿ ನೋಡುವಾಗ ಓಲಾಡಬಾರದು. ಶುರುವಿನಲ್ಲಿ ಚೆನ್ನಾಗಿದ್ದು ಸ್ವಲ್ಪ ಹೊತ್ತಿಗೆ ಗಲ್ಲ ಎದೆಗೆ ತಾಗುವಷ್ಟು ಜೋಲುತ್ತಿದ್ದರೆ ಇನ್ನೂ ಕೆಲವು ದಿನ ಬೇಕು.

ಆಮೇಲೆ ಬೆನ್ನು. ಯಾರ ಆಸರೆಯೂ ಇಲ್ಲದೆ ನೆಲದ ಮೇಲೆ ಗಟ್ಟಿಯಾಗಿ ಕೂರಬೇಕು ಎಂದು ಕಾಯುತ್ತಾ ಕುಳಿತರೆ ಎಷ್ಟೋ ಮಕ್ಕಳಿಗೆ ತಡವಾಗಿಬಿಡುತ್ತದೆ. ಸೊಂಟಕ್ಕೆ ಸ್ವಲ್ಪ ಆಸರೆ ಕೊಟ್ಟರೆ ಮೈ ಒಂದು ಪಕ್ಕಕ್ಕೆ ಕುಸಿಯದೆ ಕೂರುತ್ತದೆಯೇ ಎಂದು ನೋಡಿದರೆ ಸಾಕು. ಸುತ್ತಲೂ ದಿಂಬು ಒಡ್ಡಿ, ಹಿಂದಕ್ಕೆ ಒರಗಿಸಿದ ಕುರ್ಚಿಯಲ್ಲಿ ಕೂರಿಸಿ ‘ಕೂರುತ್ತದೆ’ ಎಂದುಕೊಳ್ಳುವುದು ಸರಿಯಲ್ಲ. ಅಲ್ಲಿ ಕೂರಿಸಿರುವುದು ದಿಂಬು. ಅರೆಮಲಗಿದ ಭಂಗಿಯಲ್ಲಿ ಉಣಿಸಿದರೆ ಆಹಾರ ನುಂಗಲು ಸಿದ್ಧವಾಗುವ ಮೊದಲೇ ಗಂಟಲಿಗೆ ಜಾರಬಹುದು.

ಇನ್ನು ನಾಲಿಗೆ. ಹುಟ್ಟಿದ ಮಗುವಿಗೆ ಒಂದು ರಕ್ಷಣಾ ಪ್ರತಿವರ್ತನೆ ಇರುತ್ತದೆ: ತುಟಿಗೋ ನಾಲಿಗೆಯ ತುದಿಗೋ ಗಟ್ಟಿಯಾದದ್ದು ತಾಗಿದರೆ ನಾಲಿಗೆ ತಾನಾಗಿ ಮುಂದೆ ಬಂದು ಅದನ್ನು ಹೊರಗೆ ದೂಡುತ್ತದೆ. ನುಂಗಬಾರದ್ದು ಒಳಗೆ ಹೋಗದಿರಲಿ ಎಂದು ಇರುವ ಕಾವಲು ಇದು. ನಾಲ್ಕರಿಂದ ಆರು ತಿಂಗಳ ನಡುವೆ ಮೆಲ್ಲಮೆಲ್ಲನೆ ಮರೆಯಾಗುತ್ತದೆ. ಇದು ಇರುವಷ್ಟು ದಿನ ಊಟ ಮಾಡಿಸುವುದೆಂದರೆ ಗಲ್ಲದ ಮೇಲಿಂದ ಒರೆಸಿ ಒರೆಸಿ ಮತ್ತೆ ಬಾಯಿಗೆ ತುಂಬುವುದು. ಹಾಗೆ ತುಂಬಿಸಿ ‘ತಿಂದಿತು’ ಎಂದು ಸಮಾಧಾನಪಡುವವರಿದ್ದಾರೆ. ಮಗು ತಿಂದಿರುವುದಿಲ್ಲ, ದೂಡಿ ದೂಡಿ ಸುಸ್ತಾಗಿರುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕು. ಮಗುವಿಗೆ ಆರು ತಿಂಗಳು ತುಂಬುತ್ತಿದೆ, ಕತ್ತು ಬೆನ್ನು ಎರಡೂ ಸರಿಯಾಗಿವೆ ಎಂದಿಟ್ಟುಕೊಳ್ಳಿ. ನಿದ್ದೆ ಮುಗಿದು ಉಲ್ಲಾಸವಾಗಿರುವಾಗ, ತೀರಾ ಹಸಿದಿರದ ಹೊತ್ತಿನಲ್ಲಿ, ಎದುರು ಬದುರು ಕುಳಿತುಕೊಳ್ಳಿ. ಚಿಕ್ಕ, ಮೃದುವಾದ ಚಮಚದ ತುದಿಯಲ್ಲಿ ಕಾಳಿನಷ್ಟು ಮಾತ್ರ ನುಣ್ಣಗೆ ಕಿವುಚಿದ ಆಹಾರ ಇರಲಿ. ಅದನ್ನು ಬಾಯಿಯ ಒಳಗೆ ಹಾಕಬೇಡಿ. ಮಗುವಿನ ಕಣ್ಣಿಗೆ ಕಾಣುವಂತೆ ಹಿಡಿದು, ಕೆಳತುಟಿಯ ಮೇಲೆ ತಾಗಿಸಿ ಸುಮ್ಮನಿರಿ. ಸಿದ್ಧವಾದ ಮಗು ಚಮಚ ಹತ್ತಿರ ಬರುತ್ತಿದ್ದಂತೆ ಮುಂದಕ್ಕೆ ಬಾಗುತ್ತದೆ, ಬಾಯಿ ತೆರೆಯುತ್ತದೆ, ನಾಲಿಗೆ ಕೆಳಗಿಳಿದು ಚಪ್ಪಟೆಯಾಗುತ್ತದೆ, ಮೇಲ್ತುಟಿ ಚಮಚದ ಮೇಲೆ ಬಂದು ಆಹಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಕ್ಷಣ ಮುಖ ಕಿವುಚಬಹುದು. ಹೊಸ ರುಚಿಗೆ ಅದು ಸಹಜ. ಆಮೇಲೆ ಗಂಟಲು ಏರಿಳಿದದ್ದು ಕಾಣುತ್ತದೆ. ಇನ್ನೂ ಸಿದ್ಧವಾಗದ ಮಗುವಿನಲ್ಲಿ ಮೇಲ್ತುಟಿ ಅಲ್ಲಾಡುವುದೇ ಇಲ್ಲ, ನಾಲಿಗೆ ಗೂನಾಗಿ ಮುಂದೆ ಬಂದು ಎಲ್ಲವೂ ಗಲ್ಲಕ್ಕೆ ಇಳಿಯುತ್ತದೆ. ಮೊದಲ ಒಂದೆರಡು ತುತ್ತು ಹೊರಬಂದರೆ ಅದನ್ನೇ ತೀರ್ಪು ಎಂದುಕೊಳ್ಳಬೇಡಿ, ಅಭ್ಯಾಸವಿಲ್ಲದ ಕೆಲಸ. ಮೂರ್ನಾಲ್ಕು ಸಲವೂ ಹಾಗೆಯೇ ಆದರೆ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ.

ಕೊನೆಯದು ಕಣ್ಣು, ಕೈ, ಬಾಯಿ ಮೂರೂ ಕೂಡಿ ಕೆಲಸ ಮಾಡುವುದು. ಎದುರಿಗಿಟ್ಟದ್ದನ್ನು ನೋಡಿ, ಕೈ ಚಾಚಿ ಹಿಡಿದು, ತಾನೇ ಬಾಯಿಗೆ ಒಯ್ಯಬೇಕು. ಕೈಗೆ ಆಟಿಕೆ ಕೊಟ್ಟರೂ ಇದು ಗೊತ್ತಾಗುತ್ತದೆ.

ಇವುಗಳಲ್ಲಿ ಒಂದು ಗುರುತು ಕಂಡ ಕೂಡಲೇ ಶುರು ಮಾಡುವುದಲ್ಲ. ಎಲ್ಲವೂ ಒಟ್ಟಿಗೆ, ಒಂದು ದಿನ ಕಂಡು ಮರುದಿನ ಮಾಯವಾಗದೆ, ದಿನವೂ ಕಾಣಬೇಕು. ತಿಂಗಳು ತುಂಬಿ ಹುಟ್ಟಿದ ಬಹುಪಾಲು ಮಕ್ಕಳಲ್ಲಿ ಇವೆಲ್ಲ ಒಟ್ಟುಗೂಡುವುದು ಆರು ತಿಂಗಳ ಆಸುಪಾಸಿನಲ್ಲೇ.

ಹಸಿವೆಂದು ತೋರುವ, ಆದರೆ ಅದಲ್ಲದ ಗುರುತುಗಳು

ಮುಷ್ಟಿ ಚೀಪುವುದು, ಜೊಲ್ಲು ಸುರಿಸುವುದು ಇವು ಮೂರು ತಿಂಗಳಿಗೇ ಶುರುವಾಗುತ್ತವೆ. ಮಗು ತನ್ನ ಕೈಯನ್ನು ಕಂಡುಕೊಂಡಿದೆ, ಬಾಯಿಯಿಂದ ಲೋಕವನ್ನು ತಿಳಿಯುತ್ತಿದೆ ಎಂದು ಅದರರ್ಥ. ದೊಡ್ಡವರು ತಿನ್ನುವುದನ್ನು ಎವೆಯಿಕ್ಕದೆ ನೋಡುವುದೂ ಅಷ್ಟೇ. ನಾಲ್ಕು ತಿಂಗಳ ಮಗುವಿಗೆ ನಿಮ್ಮ ಮುಖ, ಆಡುವ ಕೈ, ತೆರೆದು ಮುಚ್ಚುವ ಬಾಯಿ ಎಲ್ಲವೂ ಕುತೂಹಲವೇ. ನೀವು ಪುಸ್ತಕದ ಹಾಳೆ ತಿರುವಿದರೂ ಹಾಗೆಯೇ ನೋಡುತ್ತದೆ. ‘ಮಗುವಿನ ಕಣ್ಣು ಬೀಳುತ್ತದೆ, ಕೊಟ್ಟುಬಿಡಿ’ ಎನ್ನುವವರ ಮನಸ್ಸು ನೋಯಿಸಬೇಕಿಲ್ಲ. ಖಾಲಿ ಚಮಚವನ್ನು ಮಗುವಿನ ಕೈಗೆ ಕೊಟ್ಟರೆ ಮಗುವಿಗೂ ಖುಷಿ, ಅವರಿಗೂ ಸಮಾಧಾನ.

ಹಲ್ಲು ಮೊಳೆಯುವುದಕ್ಕೂ ಊಟದ ಸಿದ್ಧತೆಗೂ ಸಂಬಂಧವಿಲ್ಲ. ಮೃದುವಾದದ್ದನ್ನು ಮಕ್ಕಳು ವಸಡಿನಲ್ಲೇ ಚೆನ್ನಾಗಿ ನುರಿಯುತ್ತವೆ. ಹುಟ್ಟಿದ ತೂಕದ ಎರಡರಷ್ಟಾದರೆ ಕೊಡಬಹುದು ಎಂಬ ಹಳೆಯ ಲೆಕ್ಕವೂ ಇದೆ. ತೂಕ ಎರಡರಷ್ಟಾಗಿದ್ದರೆ ಹಾಲು ಚೆನ್ನಾಗಿ ಮೈಗೆ ಹತ್ತಿದೆ ಎಂದರ್ಥ, ನಾಲಿಗೆ ಕಲಿತಿದೆ ಎಂದಲ್ಲ. ದಪ್ಪಗಿರುವ ಮಗುವಿಗೆ ಬೇಗ ಶುರು ಮಾಡಬೇಕು ಎಂಬುದಕ್ಕೂ ಆಧಾರವಿಲ್ಲ.

ರಾತ್ರಿ ಎಚ್ಚರವಾಗುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೇಗ ಶುರು ಮಾಡುವ ಮನೆಗಳಲ್ಲಿ ಹೆಚ್ಚು ಕೇಳಿಬರುವ ಕಾರಣ ಅದೇ. ನಾಲ್ಕನೇ ತಿಂಗಳ ಸುಮಾರಿಗೆ ಮಕ್ಕಳ ನಿದ್ದೆಯ ರೀತಿಯೇ ಬದಲಾಗುತ್ತದೆ, ನಡುನಡುವೆ ಎಚ್ಚರವಾಗುವುದು ಹೆಚ್ಚುತ್ತದೆ. ಹೊಟ್ಟೆ ಭಾರವಾಗಿದ್ದರೆ ಮಲಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 1303 ಎದೆಹಾಲಿನ ಮಕ್ಕಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಒಂದು ಗುಂಪಿಗೆ ಮೂರು ತಿಂಗಳಿಂದಲೇ ಆಹಾರ ಕೊಡಲು ಹೇಳಿ, ಇನ್ನೊಂದು ಗುಂಪಿಗೆ ಆರು ತಿಂಗಳವರೆಗೆ ಕಾಯಲು ಹೇಳಿದ್ದರು. 2018ರಲ್ಲಿ ಪ್ರಕಟವಾದ ಅದರ ನಿದ್ದೆಯ ಲೆಕ್ಕದಲ್ಲಿ ಬೇಗ ಶುರು ಮಾಡಿದ ಮಕ್ಕಳು ಹೆಚ್ಚು ಮಲಗಿದ್ದು ನಿಜ. ಎಷ್ಟು ಹೆಚ್ಚು? ವ್ಯತ್ಯಾಸ ಅತಿ ಹೆಚ್ಚಿದ್ದ ಆರನೇ ತಿಂಗಳಿನಲ್ಲಿ ರಾತ್ರಿಗೆ ಸುಮಾರು 17 ನಿಮಿಷ. ನಿದ್ದೆಗೆಟ್ಟ ತಾಯಿಗೆ 17 ನಿಮಿಷವೂ ಸಣ್ಣದಲ್ಲ ಎಂಬುದು ನನಗೆ ಗೊತ್ತು. ಆದರೆ ಕತ್ತು ನಿಲ್ಲದ ಮಗುವಿನ ಬಾಯಿಗೆ ತುತ್ತಿಡಲು ಅದು ಕಾರಣವಾಗಲಾರದು. ನಡುರಾತ್ರಿ ಹಸಿದರೆ ಈ ವಯಸ್ಸಿನಲ್ಲಿ ಅದಕ್ಕೆ ಮದ್ದು ಇನ್ನಷ್ಟು ಹಾಲು. ಬಾಟಲಿಯ ಹಾಲಿಗೆ ಧಾನ್ಯದ ಪುಡಿ ಕಲಸಿ ಕುಡಿಸುವುದಂತೂ ಬೇಡವೇ ಬೇಡ. ಉಸಿರುಗಟ್ಟುವ ಅಪಾಯವೂ ಇದೆ, ಬೇಕಾದ್ದಕ್ಕಿಂತ ಹೆಚ್ಚು ಹೊಟ್ಟೆಗೆ ಹೋಗುತ್ತದೆ ಕೂಡ. ವೈದ್ಯರು ನಿರ್ದಿಷ್ಟ ಕಾಯಿಲೆಗೆಂದು ಹೇಳಿದ್ದರೆ ಆ ಮಾತು ಬೇರೆ.

ಬೇಗವಾದರೆ ಏನು, ತಡವಾದರೆ ಏನು

ಬೇಗ ಶುರು ಮಾಡಿದಾಗ ಹೊಟ್ಟೆಯಲ್ಲಿ ಜಾಗ ಆಹಾರಕ್ಕೆ ಹೋಗಿ ಹಾಲು ಕಡಿಮೆಯಾಗುತ್ತದೆ. ಮಗು ಕುಡಿಯುವುದು ಕಡಿಮೆಯಾದರೆ ತಾಯಿಯಲ್ಲಿ ಹಾಲು ಉತ್ಪತ್ತಿಯಾಗುವುದೂ ಇಳಿಯುತ್ತದೆ. ಹಾಲಿನಿಂದ ಸಿಗುತ್ತಿದ್ದ ಪೋಷಣೆಯ ಜೊತೆಗೆ ಸೋಂಕಿನಿಂದ ಕಾಯುವ ಅಂಶಗಳೂ ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ಪಾತ್ರೆ, ನೀರು, ಕೈಗಳ ಮೂಲಕ ಹೊಸ ರೋಗಾಣುಗಳಿಗೆ ದಾರಿ ತೆರೆಯುತ್ತದೆ. ಶುದ್ಧ ನೀರು ಸುಲಭವಾಗಿ ಸಿಗದ ಕಡೆ ಭೇದಿಯ ಅಪಾಯ ಹೆಚ್ಚಲು ಇದೊಂದು ಮುಖ್ಯ ಕಾರಣ. ಪಿಷ್ಟವನ್ನು ಅರಗಿಸಲು ಮೇದೋಜ್ಜೀರಕ ಗ್ರಂಥಿ ಸ್ರವಿಸುವ ಕಿಣ್ವವೂ ಮೊದಲ ತಿಂಗಳುಗಳಲ್ಲಿ ಬಹಳ ಕಡಿಮೆ ಇರುತ್ತದೆ.

ತಡ ಮಾಡುವುದರ ತೊಂದರೆಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕಬ್ಬಿಣದ ಮಾತು ಆಗಲೇ ಬಂತು. ಇನ್ನೊಂದು ಇದೆ: ಬಾಯಿ ಕಲಿಯುವುದಕ್ಕೂ ಒಂದು ಹದವಾದ ಕಾಲವಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ನಂತರವೇ ಗಂಟುಗಂಟಾದ ಆಹಾರ ಕಂಡ ಮಕ್ಕಳಲ್ಲಿ ಏಳನೇ ವಯಸ್ಸಿನಲ್ಲೂ ಊಟದ ತಕರಾರು ಹೆಚ್ಚಿತ್ತು, ಹಣ್ಣು ತರಕಾರಿ ತಿನ್ನುವುದು ಕಡಿಮೆಯಿತ್ತು. ಇಂಥ ಅಧ್ಯಯನದಿಂದ ಕಾರಣ ಇದೇ ಎಂದು ಖಚಿತವಾಗಿ ಹೇಳಲಾಗದು. ಆದರೂ ಆರು ತಿಂಗಳಿಗೆ ಶುರು ಮಾಡಿ ಹತ್ತು ತಿಂಗಳಾದರೂ ಮಿಕ್ಸಿಯಲ್ಲಿ ರುಬ್ಬಿದ್ದನ್ನೇ ಕೊಡುತ್ತಾ ಕೂರಬಾರದು ಎನ್ನುವಷ್ಟು ಎಚ್ಚರವನ್ನು ಅದು ಕೊಡುತ್ತದೆ. ನುಣ್ಣಗಿನಿಂದ ಕಿವುಚಿದ್ದಕ್ಕೆ, ಅಲ್ಲಿಂದ ಮೆತ್ತಗಿನ ಚೂರುಗಳಿಗೆ ತಿಂಗಳು ತಿಂಗಳಿಗೂ ಮುಂದೆ ಸಾಗುತ್ತಿರಬೇಕು.

ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ

ಮೊದಲ ವಾರಗಳಲ್ಲಿ ಎಲ್ಲರನ್ನೂ ಹೆದರಿಸುವುದು ಇದು. ಚಿಕ್ಕ ಮಕ್ಕಳಲ್ಲಿ ಓಕರಿಕೆ ಹುಟ್ಟಿಸುವ ಜಾಗ ನಾಲಿಗೆಯ ಮೇಲೆ ಬಹಳ ಮುಂದಿರುತ್ತದೆ, ದೊಡ್ಡವರಾದಂತೆ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಸ್ವಲ್ಪ ದಪ್ಪ ಇದ್ದದ್ದು ನಾಲಿಗೆಯ ನಡುಭಾಗಕ್ಕೆ ಬಂದರೂ ಮಗು ‘ಓಕ್’ ಎನ್ನುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತದೆ, ತುತ್ತನ್ನು ಮುಂದಕ್ಕೆ ತಂದು ಉಗುಳುತ್ತದೆ. ಸದ್ದು ಬರುತ್ತಿದೆ ಎಂದರೆ ಗಾಳಿ ಓಡಾಡುತ್ತಿದೆ. ಆಗ ಬಾಯಿಗೆ ಬೆರಳು ಹಾಕಬೇಡಿ, ಗಾಬರಿಯಿಂದ ಕೂಗಬೇಡಿ. ಮಗು ತಾನೇ ಸರಿಮಾಡಿಕೊಳ್ಳುತ್ತದೆ.

ಉಸಿರುಗಟ್ಟಿದಾಗ ಸದ್ದು ನಿಲ್ಲುತ್ತದೆ. ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಗಟ್ಟಬಹುದು. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ ಭುಜದ ಮೂಳೆಗಳ ನಡುವೆ ಅಂಗೈಯಿಂದ ಐದು ಸಲ ತಟ್ಟಬೇಕು. ಆಗಲೂ ಬರದಿದ್ದರೆ ಮಗುಚಿ ಎದೆಯ ನಡುವೆ ಐದು ಸಲ ಒತ್ತಬೇಕು. ಕೂಡಲೇ ಯಾರಾದರೂ ಆಂಬುಲೆನ್ಸಿಗೆ ಫೋನು ಮಾಡಬೇಕು. ಹೊಟ್ಟೆ ಒತ್ತಬಾರದು, ಕಣ್ಣಿಗೆ ಕಾಣದ್ದನ್ನು ತೆಗೆಯಲು ಬೆರಳು ತೂರಿಸಬಾರದು. ಓದಿ ತಿಳಿದದ್ದು ಆ ಗಾಬರಿಯಲ್ಲಿ ನೆನಪಾಗುವುದು ಕಷ್ಟ. ಮಗುವಿಗೆ ಊಟ ಶುರು ಮಾಡುವ ಮೊದಲು ಇದನ್ನು ಗೊತ್ತಿರುವವರಿಂದ ಕೈಯಾರೆ ಮಾಡಿ ಕಲಿಯಿರಿ, ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಕಲಿಸಿ. ಇಡೀ ಬೀಜಗಳು, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ಟಿನ ಗಟ್ಟಿ ತುಂಡು ಇವು ಮಗುವಿನ ಕೈಗೆ ಸಿಗಬಾರದು. ತಿನ್ನುವಾಗ ಮಗುವನ್ನು ಒಂಟಿಯಾಗಿ ಬಿಡಲೂಬಾರದು.

ಶುರುವಾದ ಮೇಲೆ

ದಿನಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚದಷ್ಟರಿಂದ ಶುರು. ಮೊದಲ ದಿನಗಳಲ್ಲಿ ಹೊಟ್ಟೆಗೆ ಹೋಗುವುದು ಅದಕ್ಕಿಂತ ಕಡಿಮೆಯೇ ಇರುತ್ತದೆ. ಮಗುವಿನ ಹೊಟ್ಟೆ ಹಿಡಿಸುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಗ್ರಾಂ. ಏಳು ಕಿಲೋ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ಲೋಟದಷ್ಟು. ಅಷ್ಟು ಪುಟ್ಟ ಜಾಗವನ್ನು ನೀರಾದ ಗಂಜಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ವಾಲಿಸಿದರೆ ಸುರಿದುಹೋಗದಷ್ಟು ಗಟ್ಟಿಯಿರಲಿ.

ಯಾವುದರಿಂದ ಶುರು ಮಾಡಬೇಕು ಎಂಬುದಕ್ಕೆ ಒಂದೇ ಸರಿಯಾದ ಕ್ರಮವಿಲ್ಲ. ಕಬ್ಬಿಣ ಸಿಗುವಂಥದ್ದು ಮಾತ್ರ ಮೊದಲ ವಾರಗಳಿಂದಲೇ ಇರಬೇಕು: ನುಣ್ಣಗೆ ಬೇಯಿಸಿದ ಬೇಳೆಕಾಳು, ಮೊಟ್ಟೆ, ತಿನ್ನುವವರಾದರೆ ಮಾಂಸ, ಕಬ್ಬಿಣ ಸೇರಿಸಿದ ಧಾನ್ಯದ ಆಹಾರ. ಬೇಳೆಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಜೊತೆಗೆ ಸಿ ವಿಟಮಿನ್ ಇರುವ ಹಣ್ಣು ತರಕಾರಿ ಇದ್ದರೆ ಹೆಚ್ಚು ಹತ್ತುತ್ತದೆ. ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ನೆಕ್ಕಿಸುವುದಕ್ಕೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಮೊಳೆತು ಬಾಟ್ಯುಲಿಸಂ ಎಂಬ, ಸ್ನಾಯುಗಳ ಬಲವನ್ನೇ ಕಸಿಯುವ ಕಾಯಿಲೆ ತರಬಲ್ಲವು. ನೀರನ್ನು ಊಟದ ಜೊತೆ ಲೋಟದಿಂದ ಗುಟುಕು ಗುಟುಕಾಗಿ ಕೊಡಬಹುದು.

ಅಲರ್ಜಿಯ ವಿಚಾರದಲ್ಲಿ ಹಿಂದಿನ ಸಲಹೆ ಪೂರ್ತಿ ತಿರುಗಿದೆ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಕಡಲೆಕಾಯಿಯನ್ನು ಮೂರು ವರ್ಷದವರೆಗೆ ಕೊಡಬೇಡಿ ಎಂದು 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯರು ಹೇಳಿದ್ದರು. ಆಧಾರ ಸಾಲದೆಂದು 2008ರಲ್ಲಿ ಆ ಮಾತನ್ನು ಕೈಬಿಟ್ಟರು. 2015ರಲ್ಲಿ ಲಂಡನ್ನಿನ ಸಂಶೋಧಕರು ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಅಧ್ಯಯನ ಪ್ರಕಟಿಸಿದರು: ನಾಲ್ಕರಿಂದ ಹನ್ನೊಂದು ತಿಂಗಳ ನಡುವೆ ಕಡಲೆಕಾಯಿ ತಿನ್ನಲು ಶುರು ಮಾಡಿ ಮುಂದುವರಿಸಿದವರಲ್ಲಿ, ಐದನೇ ವಯಸ್ಸಿಗೆ ಕಡಲೆಕಾಯಿ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆಯಿತ್ತು. ಆದ್ದರಿಂದ ಮೊಟ್ಟೆ, ಕಡಲೆಕಾಯಿಯಂಥವನ್ನು ಹೆದರಿ ಮುಂದೂಡಬೇಕಿಲ್ಲ. ಕಡಲೆಕಾಯಿ ನುಣ್ಣಗೆ ಅರೆದು ತೆಳ್ಳಗೆ ಮಾಡಿದ್ದಾಗಿರಲಿ, ಇಡೀ ಕಾಳಾಗಿ ಬೇಡ. ಮಗುವಿಗೆ ತೀವ್ರ ಎಕ್ಸಿಮಾ ಇದ್ದರೆ ಅಥವಾ ಯಾವುದಕ್ಕಾದರೂ ಅಲರ್ಜಿ ಆಗಲೇ ಕಂಡಿದ್ದರೆ, ಮೊದಲ ಸಲ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಹೊಸ ರುಚಿಯನ್ನು ಮಗು ಉಗುಳಿದರೆ ‘ಇಷ್ಟವಿಲ್ಲ’ ಎಂದು ಪಟ್ಟಿಯಿಂದ ತೆಗೆಯಬೇಡಿ. ಎಂಟು ಹತ್ತು ಸಲ ಎದುರಾದ ಮೇಲೆ ಒಪ್ಪಿಕೊಳ್ಳುವುದು ತೀರಾ ಸಾಮಾನ್ಯ. ಒತ್ತಾಯವಂತೂ ಬೇಡ. ಮುಖ ತಿರುಗಿಸುವುದು, ಬಾಯಿ ಬಿಗಿಹಿಡಿಯುವುದು, ಚಮಚ ತಳ್ಳುವುದು ‘ಸಾಕು’ ಎಂಬ ಮಾತೇ. ಆ ಮಾತಿಗೆ ಬೆಲೆ ಸಿಕ್ಕಿದರೆ ಹಸಿವು, ತೃಪ್ತಿ ಎರಡನ್ನೂ ಮಗು ತಾನೇ ಗುರುತಿಸಲು ಕಲಿಯುತ್ತದೆ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳು, ಇನ್ನೂ ಸಿದ್ಧವಾಗದ ಮಕ್ಕಳು

ಎಂಟು ವಾರ ಮೊದಲೇ ಹುಟ್ಟಿದ ಮಗುವಿಗೆ ಹುಟ್ಟಿದಂದಿನಿಂದ ಆರು ತಿಂಗಳಾದರೂ, ಹೆರಿಗೆಯ ನಿಗದಿತ ದಿನದಿಂದ ಎಣಿಸಿದರೆ ಸುಮಾರು ನಾಲ್ಕೇ ತಿಂಗಳು. ಕತ್ತು, ಬೆನ್ನು, ನಾಲಿಗೆ ಹೆಚ್ಚಾಗಿ ಈ ಎರಡನೇ ಲೆಕ್ಕದಂತೆ ಬೆಳೆಯುತ್ತವೆ. ಇತ್ತ ಕಬ್ಬಿಣದ ದಾಸ್ತಾನು ತುಂಬುವ ಕಾಲವೇ ಮೊಟಕಾಗಿರುವುದರಿಂದ ಕೊರತೆ ಬೇಗ ಬರುತ್ತದೆ. ಎರಡನ್ನೂ ತೂಗಿ ನೋಡಬೇಕಾದ ಈ ಮಕ್ಕಳಿಗೆ ಒಂದು ಸಿದ್ಧ ದಿನಾಂಕ ಹೇಳಲು ಬರುವುದಿಲ್ಲ. ಕಬ್ಬಿಣದ ಹನಿ ಯಾವಾಗ, ಊಟ ಯಾವಾಗ ಎಂಬುದನ್ನು ಮಗುವನ್ನು ನೋಡುತ್ತಿರುವ ಮಕ್ಕಳ ವೈದ್ಯರೇ ನಿರ್ಧರಿಸಬೇಕು.

ತಿಂಗಳು ತುಂಬಿ ಹುಟ್ಟಿಯೂ ಆರು ತಿಂಗಳಿಗೆ ನಾಲಿಗೆ ಹೊರದೂಡುತ್ತಿದ್ದರೆ ಒಂದೆರಡು ವಾರ ಕಾಯುವುದರಲ್ಲಿ ತೊಂದರೆಯಿಲ್ಲ. ಈ ನಡುವೆ ಮಗುವನ್ನು ದಿನಕ್ಕೆ ಹಲವು ಸಲ ಬೋರಲು ಮಲಗಿಸಿ ಆಡಿಸಿ, ತೊಡೆಯ ಮೇಲೆ ಕೂರಿಸಿಕೊಳ್ಳಿ, ನಿಮ್ಮ ಊಟದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿ ಕೈಗೆ ಚಮಚ ಕೊಡಿ. ಏಳು ತಿಂಗಳು ಸಮೀಪಿಸಿದರೂ ಕತ್ತು ಓಲಾಡುತ್ತಿದ್ದರೆ, ಆಸರೆ ಕೊಟ್ಟರೂ ಕೂರದಿದ್ದರೆ, ಪ್ರತಿ ತುತ್ತಿಗೂ ಕೆಮ್ಮಿದರೆ, ಹಾಲು ಕುಡಿಯುವಾಗಲೂ ನೆತ್ತಿಗೆ ಹತ್ತುತ್ತಿದ್ದರೆ ಅಥವಾ ತೂಕ ಏರುವುದು ನಿಂತಿದ್ದರೆ ಮುಂದಿನ ಲಸಿಕೆಯ ದಿನದವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಹೋಗುವ ಮೊದಲು ಮಗು ಚಮಚಕ್ಕೆ ಬಾಯಿ ಹೇಗೆ ಒಡ್ಡುತ್ತದೆ ಎಂಬುದನ್ನು ಫೋನಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಕೊಳ್ಳಿ. ಆಸ್ಪತ್ರೆಯ ಕೋಣೆಯಲ್ಲಿ ಅಳುವ ಮಗು ಏನನ್ನೂ ತೋರಿಸುವುದಿಲ್ಲ. ಮನೆಯಲ್ಲಿ ತೆಗೆದ ಆ ಚಿತ್ರದಲ್ಲಿ ನಾಲಿಗೆ ಎಲ್ಲಿ ತಡೆಯುತ್ತಿದೆ ಎಂಬುದು ವೈದ್ಯರಿಗೆ ಕಾಣುತ್ತದೆ.